ವಜ್ರ ರಾಶಿರಾಶಿ ಸಿಕ್ಕರೆ ಏನು ಮಾಡಬಹುದು?

2012ರ ಸೆಪ್ಟೆಂಬರ್‌ನಲ್ಲಿ ರಷ್ಯಾದಿಂದ ಬಂದ ಒಂದು ಸುದ್ದಿ ಪ್ರಪಂಚದ ತುಂಬ ಓಡಾಡಿತು. ಸೈಬೀರಿಯಾದ ಉತ್ತರದಲ್ಲಿ, ಆರ್ಕ್ಟಿಕ್ ವೃತ್ತದ ಆಚೆಗೆ, ಪೊಪಿಗಾಯ್ ಎಂಬ ದೊಡ್ಡ ಕುಳಿ ಇದೆ. ಸುಮಾರು 3.5 ಕೋಟಿ ವರ್ಷಗಳ ಹಿಂದೆ ಒಂದು ಕ್ಷುದ್ರಗ್ರಹ ಅಲ್ಲಿ ಬಂದು ಬಿತ್ತು. ಕುಳಿಯ ಅಗಲ 100 ಕಿಲೋಮೀಟರ್ ಆಸುಪಾಸು. ಆ ಹೊಡೆತಕ್ಕೆ ಅಲ್ಲಿನ ಬಂಡೆಯೊಳಗಿದ್ದ ಗ್ರಾಫೈಟ್ ಒಂದೇ ಕ್ಷಣದಲ್ಲಿ ವಜ್ರವಾಗಿ ಬದಲಾಯಿತು. ಹಾಗೆ ಆದ ವಜ್ರ ಲಕ್ಷ ಕೋಟಿಗಟ್ಟಲೆ ಕ್ಯಾರೆಟ್ ಇದೆ ಎಂದು ನೊವೊಸಿಬಿರ್ಸ್ಕ್‌ನ ಭೂವಿಜ್ಞಾನಿಗಳು ಹೇಳಿದರು. ಅಲ್ಲಿ ವಜ್ರ ಇರುವುದು ಸೋವಿಯತ್ ಕಾಲದಲ್ಲೇ, 1970ರ ದಶಕದಲ್ಲೇ ಗೊತ್ತಾಗಿತ್ತು. ಆದರೂ ಯಾರೂ ಅದನ್ನು ಅಗೆದು ಸಾಗಿಸಲಿಲ್ಲ.

ಲೆಕ್ಕ ಹಾಕಿ ನೋಡೋಣ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ. ಒಂದು ಲಕ್ಷ ಕೋಟಿ ಕ್ಯಾರೆಟ್ ಅಂದರೆ 2 ಲಕ್ಷ ಟನ್. ಪ್ರಪಂಚದ ಎಲ್ಲ ವಜ್ರದ ಗಣಿಗಳೂ ಸೇರಿ ವರ್ಷಕ್ಕೆ ಹೊರತೆಗೆಯುವುದು ಹತ್ತು ಕೋಟಿ ಕ್ಯಾರೆಟ್‌ಗಿಂತ ಸ್ವಲ್ಪ ಹೆಚ್ಚುಕಮ್ಮಿ, ಅಂದರೆ ಇಪ್ಪತ್ತು ಟನ್ ಚಿಲ್ಲರೆ. ಭೂಮಿಯ ಒಳಗಂತೂ ಲೆಕ್ಕವೇ ಬೇರೆ. ಖಂಡಗಳ ಹಳೆಯ ಬುಡದಲ್ಲಿ, 145ರಿಂದ 240 ಕಿಲೋಮೀಟರ್ ಆಳದಲ್ಲಿ, ಹತ್ತು ಕೋಟಿ ಕೋಟಿ ಟನ್‌ಗೂ ಹೆಚ್ಚು ವಜ್ರ ಇರಬಹುದು ಎಂದು ಎಂಐಟಿ ಮತ್ತಿತರ ಸಂಸ್ಥೆಗಳ ವಿಜ್ಞಾನಿಗಳು 2018ರಲ್ಲಿ ಅಂದಾಜು ಮಾಡಿದರು. ಭೂಕಂಪದ ಅಲೆಗಳು ಅಲ್ಲಿ ನಿರೀಕ್ಷೆಗಿಂತ ಜಾಸ್ತಿ ವೇಗದಲ್ಲಿ ಓಡುತ್ತವೆ. ಅದಕ್ಕೆ ಅವರು ಕೊಟ್ಟ ಕಾರಣ, ಆ ಬಂಡೆಯಲ್ಲಿ ಶೇ 1ರಿಂದ 2ರಷ್ಟು ವಜ್ರ ಬೆರೆತಿರುವುದು. ಮನುಷ್ಯ ಇದುವರೆಗೆ ನೇರವಾಗಿ ಕೆಳಕ್ಕೆ ಕೊರೆದ ಅತಿ ಆಳದ ತೂತು ರಷ್ಯಾದ ಕೋಲಾದಲ್ಲಿದೆ. ಅದು 12 ಕಿಲೋಮೀಟರ್ ದಾಟಿ ನಿಂತಿತು. ಹಾಗಾಗಿ ಆ ವಜ್ರ ನಮ್ಮ ಕೈಗೆ ಸಿಗುವಂಥದ್ದಲ್ಲ.

ಒಂದು ಮಾತಿಗೆ, ಸಿಕ್ಕೇಬಿಟ್ಟಿತು ಎಂದುಕೊಳ್ಳೋಣ. ಏನು ಮಾಡಬಹುದು? ಕಂಪ್ಯೂಟರ್ ಚಿಪ್, ಯಂತ್ರದ ಭಾಗ, ಕಿಟಕಿ ಎಲ್ಲವನ್ನೂ ವಜ್ರದಲ್ಲೇ ಮಾಡಬಹುದಾ? ಉತ್ತರ ಹುಡುಕುತ್ತಾ ಹೋದರೆ ಒಂದು ವಿಷಯ ಮತ್ತೆ ಮತ್ತೆ ಎದುರಿಗೆ ಬರುತ್ತದೆ. ಎಷ್ಟು ಟನ್ ಇದೆ ಎಂಬುದು ಇಲ್ಲಿ ದೊಡ್ಡ ವಿಷಯವೇ ಅಲ್ಲ. ಹರಳು ಎಷ್ಟು ದೊಡ್ಡದು, ಎಷ್ಟು ಶುದ್ಧ, ಅದರೊಳಗೆ ಬೇರೆ ಯಾವ ಪರಮಾಣು ಸೇರಿಕೊಂಡಿದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಮೊದಲು ಗಟ್ಟಿತನದ ವಿಷಯ. ವಜ್ರದಲ್ಲಿರುವುದು ಬರೀ ಇಂಗಾಲ. ಪ್ರತಿ ಪರಮಾಣುವೂ ತನ್ನ ಸುತ್ತಲಿನ ನಾಲ್ಕು ಪರಮಾಣುಗಳನ್ನು ಸಮವಾಗಿ ಹಿಡಿದುಕೊಂಡಿರುತ್ತದೆ. ಬಂಧಗಳು ಚಿಕ್ಕವು, ಬಲವಾದವು, ಮೂರೂ ದಿಕ್ಕಿನಲ್ಲಿ ಹಬ್ಬಿದವು. ಗ್ರಾಫೈಟ್‌ನಲ್ಲೂ ಅದೇ ಇಂಗಾಲವಿದೆ, ಆದರೆ ಅದು ಪದರ ಪದರವಾಗಿದೆ, ಪದರಗಳು ಒಂದರ ಮೇಲೊಂದು ಜಾರುತ್ತವೆ. ವಜ್ರದಲ್ಲಿ ಜಾರುವುದಕ್ಕೆ ಪದರವೇ ಇಲ್ಲ. ಹಾಗಾಗಿ ಅದು ಬೇರೆ ಬಹುಪಾಲು ವಸ್ತುಗಳನ್ನು ಗೀರುತ್ತದೆ, ಕೊರೆಯುತ್ತದೆ, ಉಜ್ಜಿ ನಯ ಮಾಡುತ್ತದೆ.

ಗಣಿಯಿಂದ ಬರುವ ವಜ್ರದಲ್ಲಿ ಬಹಳಷ್ಟು ಆಭರಣಕ್ಕೆ ಆಗುವಂಥದ್ದಲ್ಲ. ಆಸ್ಟ್ರೇಲಿಯಾದ ಆರ್ಗೈಲ್ ಗಣಿ 1983ರಿಂದ 2020ರವರೆಗೆ ನಡೆಯಿತು. ಒಂದು ಕಾಲಕ್ಕೆ ಪ್ರಮಾಣದಲ್ಲಿ ಅದನ್ನು ಮೀರಿಸಿದ ಗಣಿ ಇರಲಿಲ್ಲ. ಅಲ್ಲೂ ಒಳ್ಳೆಯ ಹರಳು ಬಂದದ್ದು ಶೇ 5ರ ಆಸುಪಾಸು ಮಾತ್ರ. ಮಬ್ಬಾದ, ಬಿರುಕು ಬಿಟ್ಟ, ಕಂದು ಬಣ್ಣದ ಉಳಿದ ಕಲ್ಲುಗಳಿಗೆ ವ್ಯಾಪಾರದಲ್ಲಿ ಬೋರ್ಟ್ ಅನ್ನುತ್ತಾರೆ. ಅದನ್ನು ಪುಡಿ ಮಾಡಿ ಸಾಣೆ ಚಕ್ರಕ್ಕೆ, ಗರಗಸದ ಅಂಚಿಗೆ, ಡ್ರಿಲ್ ಬಿಟ್‌ಗೆ ಹಾಕುತ್ತಾರೆ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಎಂಜಿನ್, ಟ್ಯಾಂಕ್, ಫಿರಂಗಿ ಭಾಗಗಳನ್ನು ನಿಖರವಾಗಿ ಉಜ್ಜಿ ತಯಾರಿಸಲು ಮಿತ್ರರಾಷ್ಟ್ರಗಳಿಗೆ ಬೋರ್ಟ್ ಬೇಕೇ ಬೇಕಿತ್ತು. ಅದರ ಮುಖ್ಯ ಮೂಲ ಆಗ ಬೆಲ್ಜಿಯಂ ಆಳ್ವಿಕೆಯಲ್ಲಿದ್ದ ಕಾಂಗೋ.

ಇದಕ್ಕೂ ಮುಂಚೆಯೇ ಕೊರೆಯುವ ಕೆಲಸದಲ್ಲಿ ಇನ್ನೊಂದು ಬಗೆಯ ವಜ್ರ ಹೆಸರು ಮಾಡಿತ್ತು. ಜಿನೀವಾದಲ್ಲಿ ಗಡಿಯಾರ ಮಾಡುತ್ತಿದ್ದ ಜಾರ್ಜ್ ಓಗಸ್ಟ್ ಲೆಶೋ 1860ರ ದಶಕದಲ್ಲಿ ಬಂಡೆ ಕೊರೆಯಲು ಒಂದು ಹೊಸ ಉಪಾಯ ಕೊಟ್ಟರು. ಉಕ್ಕಿನ ಕೊಳವೆಯ ಬಾಯಿಗೆ ವಜ್ರ ಕೂರಿಸಿ ತಿರುಗಿಸುವುದು ಆ ಉಪಾಯ. ಹೀಗೆ ಕೊರೆದಾಗ ಬಂಡೆ ಪುಡಿಯಾಗುವುದು ಕೊಳವೆಯ ಅಂಚಿನಲ್ಲಿ ಮಾತ್ರ. ನಡುವಿನ ಕಲ್ಲು ಕಂಬದ ಹಾಗೆ ಇಡಿಯಾಗಿ ಹೊರಗೆ ಬರುತ್ತದೆ. ನೆಲದಡಿ ಏನಿದೆ ಎಂದು ತಿಳಿಯಲು ಇವತ್ತಿಗೂ ಗಣಿ ಶೋಧಕರು ಇದೇ ವಿಧಾನ ಬಳಸುತ್ತಾರೆ. ಆ ಕಾಲದಲ್ಲಿ ಇದಕ್ಕೆ ಬಳಸಿದ್ದು ಬ್ರೆಜಿಲ್‌ನ ಬಾಹಿಯಾದ ಕಾರ್ಬೊನಾಡೊ. ನೋಡಲು ಕಪ್ಪು, ಹೊಳಪಿಲ್ಲದ ಕಲ್ಲು. ಆದರೆ ಬಿಟ್‌ನ ತುದಿಗೆ ಹೊಳೆಯುವ ಹರಳಿಗಿಂತ ಅದೇ ವಾಸಿ.

ಕಾರಣ ಹೇಳಲೇಬೇಕು, ಯಾಕೆಂದರೆ ಇಲ್ಲಿ ಸುಮಾರು ಜನ ತಪ್ಪು ತಿಳಿಯುತ್ತಾರೆ. ಗಟ್ಟಿ ಅಂದರೆ ಗೀರಾಗದ್ದು ಅಂತ ಅಷ್ಟೇ, ಒಡೆಯದ್ದು ಅಂತಲ್ಲ. ಒಂದೇ ಹರಳಾದ ವಜ್ರಕ್ಕೆ ಕೆಲವು ದಿಕ್ಕುಗಳಲ್ಲಿ ಸೀಳಿಕೊಳ್ಳುವ ಗುಣ ಇದೆ. ಸುತ್ತಿಗೆಯಿಂದ ಸರಿಯಾದ ಕಡೆ ಹೊಡೆದರೆ ನೇರವಾಗಿ ಎರಡು ಹೋಳಾಗುತ್ತದೆ. ಕಾರ್ಬೊನಾಡೊ ಹಾಗಲ್ಲ. ಅದು ಕೋಟಿಗಟ್ಟಲೆ ಚಿಕ್ಕ ಹರಳುಗಳು ಅಡ್ಡಾದಿಡ್ಡಿಯಾಗಿ ಬೆಸೆದುಕೊಂಡ ಗಂಟು. ಬಿರುಕು ಒಂದು ಹರಳಿನಲ್ಲಿ ಶುರುವಾದರೂ ಪಕ್ಕದ್ದರ ದಿಕ್ಕು ಬೇರೆ ಇರುವುದರಿಂದ ಅಲ್ಲೇ ತಡೆಯುತ್ತದೆ. ಪೊಪಿಗಾಯ್‌ನ ವಜ್ರವೂ ಇದೇ ಜಾತಿಗೆ ಹತ್ತಿರ. ಒಂದೆರಡು ಮಿಲಿಮೀಟರಿನ ಕಣಗಳು, ಒಳಗೆ ನ್ಯಾನೋಮೀಟರ್ ಅಳತೆಯ ಹರಳುಗಳು, ಜೊತೆಗೆ ಲಾನ್ಸ್‌ಡೇಲೈಟ್ ಎಂಬ ಇಂಗಾಲದ ಇನ್ನೊಂದು ರೂಪ. ಕಾರ್ಖಾನೆಯ ವಜ್ರದ ಪುಡಿಗಿಂತ ಇದು ಹೆಚ್ಚು ಕಾಲ ಬಾಳುತ್ತದೆ ಎಂಬುದು ರಷ್ಯಾದ ವಿಜ್ಞಾನಿಗಳ ವಾದ. ಆಭರಣಕ್ಕೆ ಇದು ಬೇಡ. ಕೊರೆಯುವುದಕ್ಕೆ, ಉಜ್ಜುವುದಕ್ಕೆ ಹೇಳಿ ಮಾಡಿಸಿದ್ದು.

ಹಾಗಿದ್ದರೆ ಅದನ್ನು ಯಾಕೆ ತೆಗೆಯಲಿಲ್ಲ? ಉತ್ತರ 1954ರ ಡಿಸೆಂಬರ್ 16ರಲ್ಲಿದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಟ್ರೇಸಿ ಹಾಲ್ ಅವತ್ತು ಕೃತಕ ವಜ್ರ ತೆಗೆದರು. ಸ್ವೀಡನ್ನಿನ ಏಸಿಯಾ ಕಂಪನಿ 1953ರಲ್ಲೇ ಮಾಡಿತ್ತು, ಆದರೆ ಹೊರಗೆ ಹೇಳಿರಲಿಲ್ಲ. ಕರಗಿದ ಕಬ್ಬಿಣ, ನಿಕಲ್ ಅಥವಾ ಕೋಬಾಲ್ಟ್‌ನಲ್ಲಿ ಇಂಗಾಲ ಕರಗಿಸಿ, ವಾತಾವರಣದ 50 ಸಾವಿರ ಪಟ್ಟಿಗೂ ಹೆಚ್ಚಿನ ಒತ್ತಡ, 1,300 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಬಿಸಿ ಕೊಟ್ಟರೆ ವಜ್ರದ ಹರಳು ಬೆಳೆಯುತ್ತದೆ. ಇವತ್ತು ಕೈಗಾರಿಕೆಗೆ ಹೋಗುವ ವಜ್ರದಲ್ಲಿ ಸುಮಾರು ಶೇ 99ರಷ್ಟು ಕೃತಕವೇ. ವರ್ಷಕ್ಕೆ ಸಾವಿರ ಕೋಟಿ ಕ್ಯಾರೆಟ್‌ಗೂ ಹೆಚ್ಚು, ಅಂದರೆ 2,000 ಟನ್ ದಾಟುತ್ತದೆ. ಬಹುಪಾಲು ಚೀನಾದ್ದು.

ಅಂದರೆ ಪುಡಿಯ ಮಟ್ಟಿಗೆ ವಜ್ರ ಈಗಾಗಲೇ ರಾಶಿರಾಶಿ ಇದೆ! ಕಾಂಕ್ರೀಟ್ ಕೊಯ್ಯುವ ಬ್ಲೇಡ್, ಗ್ರಾನೈಟ್ ಬಂಡೆ ಹೋಳು ಮಾಡುವ ತಂತಿ, ಟೈಲ್ಸ್ ಕತ್ತರಿಸುವ ಚಕ್ರ, ಹಲ್ಲಿನ ಡಾಕ್ಟರ ಕೈಯ ಚಿಕ್ಕ ಬರ್, ಎಲ್ಲದರಲ್ಲೂ ಅದಿದೆ. ಸೋಲಾರ್ ಫಲಕದ ಸಿಲಿಕಾನ್ ಬಿಲ್ಲೆಗಳನ್ನು ಕೊಯ್ಯುವುದೂ ವಜ್ರದ ಕಣ ಅಂಟಿಸಿದ, ಕೂದಲಿಗಿಂತ ಸಣ್ಣ ತಂತಿ. ತಂತಿ ಸಣ್ಣದಾದಷ್ಟೂ ಪುಡಿಯಾಗಿ ಹಾಳಾಗುವ ಸಿಲಿಕಾನ್ ಕಮ್ಮಿ. 1970ರ ದಶಕದಲ್ಲಿ ಬಂದ ಇನ್ನೊಂದು ಸಂಗತಿ ನನಗೆ ತುಂಬ ಇಷ್ಟ. ವಜ್ರದ ಪುಡಿಯನ್ನೇ ಒತ್ತಡದಲ್ಲಿ ಬೆಸೆದು, ಟಂಗ್‌ಸ್ಟನ್ ಕಾರ್ಬೈಡ್ ಬಿಲ್ಲೆಯ ಮೇಲೆ ಕೂರಿಸಿದರು. ಕಾರ್ಬೊನಾಡೊದ ಗುಟ್ಟನ್ನು ಕಾರ್ಖಾನೆಯಲ್ಲಿ ಮರುಸೃಷ್ಟಿ ಮಾಡಿದಂತಾಯಿತು. ತೈಲ ಬಾವಿ ಕೊರೆಯುವ ಬಿಟ್‌ಗಳಲ್ಲಿ ಈಗ ಮುಖ್ಯವಾಗಿ ಇರುವುದು ಇವೇ ಬಿಲ್ಲೆಗಳು.

ಕಾರ್ಖಾನೆ ಗೆದ್ದದ್ದಕ್ಕೆ ಬೆಲೆ ಒಂದೇ ಕಾರಣವಲ್ಲ. ಗಾಜಿಗೆ ಒಂದು ಆಕಾರದ ಕಣ ಬೇಕು, ಗ್ರಾನೈಟ್‌ಗೆ ಇನ್ನೊಂದು ಬಗೆ. ಒಂದು ಕಡೆ ಕಣ ಬೇಗ ಮುರಿದು ಹೊಸ ಅಂಚು ಕೊಡಬೇಕು. ಇನ್ನೊಂದು ಕಡೆ ಮುರಿಯದೆ ಗಟ್ಟಿಯಾಗಿ ನಿಲ್ಲಬೇಕು. ಬೆಳೆಸುವಾಗಲೇ ಒತ್ತಡ, ಬಿಸಿ, ಸಮಯ ಹೊಂದಿಸಿ ಇವೆರಡನ್ನೂ ಪಡೆಯಬಹುದು. ಗಣಿಯ ಕಲ್ಲಿನಲ್ಲಿ ಇವತ್ತು ಬಂದದ್ದು ನಾಳೆ ಬರುವುದಿಲ್ಲ. ದಿನಕ್ಕೆ ಸಾವಿರಾರು ಬ್ಲೇಡ್ ಮಾಡುವವರಿಗೆ ಪ್ರತಿ ಕಣವೂ ಒಂದೇ ಥರ ಇರುವುದು ಮುಖ್ಯ. ಪೊಪಿಗಾಯ್‌ಗೆ ರಸ್ತೆ ಮಾಡಿ, ಹಿಮದಲ್ಲಿ ಅಗೆದು, ಬಂಡೆ ಒಡೆದು ಕಣ ಬೇರ್ಪಡಿಸುವ ಕಷ್ಟವನ್ನೂ ಇದಕ್ಕೆ ಸೇರಿಸಿ. ಸೋವಿಯತ್ ಸರ್ಕಾರ ಕಾರ್ಖಾನೆಯನ್ನೇ ಆರಿಸಿಕೊಂಡದ್ದು ಸರಿ ಎಂದೇ ನನ್ನ ಅಭಿಪ್ರಾಯ.

ವಜ್ರ ಎಷ್ಟೇ ಇದ್ದರೂ ಬಗೆಹರಿಯದ ಒಂದು ತೊಡಕೂ ಇದೆ. ಉಕ್ಕನ್ನು ವಜ್ರದಿಂದ ವೇಗವಾಗಿ ಕತ್ತರಿಸಲು ಆಗುವುದಿಲ್ಲ. ಅಂಚು ಬಿಸಿಯಾದಾಗ ಕಬ್ಬಿಣ ವಜ್ರದ ಇಂಗಾಲವನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಉಪಕರಣ ಸವೆದೇ ಹೋಗುತ್ತದೆ. ಹಾಗಾಗಿ ಗಡಸು ಉಕ್ಕಿಗೆ ಘನಾಕೃತಿ ಬೋರಾನ್ ನೈಟ್ರೈಡ್ ಎಂಬ ಬೇರೆಯೇ ವಸ್ತು ಬಳಸುತ್ತಾರೆ. ಗಟ್ಟಿತನದಲ್ಲಿ ಅದು ವಜ್ರಕ್ಕಿಂತ ಕೆಳಗೆ, ಆದರೆ ಕಬ್ಬಿಣದ ಜೊತೆ ಜಗಳವಿಲ್ಲ. ಗಾಳಿಯಲ್ಲಿ 700, 800 ಡಿಗ್ರಿ ದಾಟಿದರೆ ವಜ್ರ ಸುಟ್ಟೂ ಹೋಗುತ್ತದೆ, ಇಂಗಾಲ ತಾನೇ.

ನೈಸರ್ಗಿಕ ವಜ್ರ ಇನ್ನೂ ಜಾಗ ಬಿಟ್ಟುಕೊಡದ ಕೆಲಸಗಳೂ ಇವೆ. ಸಾಣೆ ಚಕ್ರ ಬಳಸಿ ಬಳಸಿ ವಕ್ರವಾದಾಗ ಅದನ್ನು ಸರಿ ಮಾಡುವ ಡ್ರೆಸ್ಸರ್‌ನ ತುದಿಯಲ್ಲಿ ಒಂದೇ ಒಂದು ಹರಳು ಇರುತ್ತದೆ. ಪ್ರಕೃತಿಯೇ ಚೂಪು ಮಾಡಿಕೊಟ್ಟ ಎಂಟು ಮುಖದ ಹರಳು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಅತಿ ಸಣ್ಣ ಲೋಹದ ತಂತಿ ಎಳೆಯುವ ಡೈ ಅಂದರೆ ತೂತು ಕೊರೆದ ವಜ್ರ. ಅತಿಗೆಂಪು ಕ್ಯಾಮೆರಾದ ಲೆನ್ಸ್, ಅಲ್ಯೂಮಿನಿಯಂ ಕನ್ನಡಿ, ಕಾಂಟ್ಯಾಕ್ಟ್ ಲೆನ್ಸ್‌ಗಳನ್ನು ಲೇತ್‌ನಲ್ಲಿ ಕಡೆಯುವ ಉಪಕರಣದ ಅಂಚು ಕೆಲವು ಹತ್ತು ನ್ಯಾನೋಮೀಟರ್‌ನಷ್ಟು ಚೂಪಾಗಿರುತ್ತದೆ. ಅಷ್ಟು ಚೂಪು ಮಾಡಿದರೂ ನಿಲ್ಲುವುದು ಒಂದೇ ಹರಳಿನ ವಜ್ರ. ಕಡೆದ ಮೇಲೆ ಪಾಲಿಶ್ ಕೂಡ ಬೇಕಾಗುವುದಿಲ್ಲ. ವೆನೆಜುವೆಲಾದ ವಿಜ್ಞಾನಿ ಉಂಬೆರ್ತೊ ಫೆರ್ನಾಂದೆಸ್ ಮೊರಾನ್ 1950ರ ದಶಕದಲ್ಲಿ ವಜ್ರದ ಚಾಕು ಮಾಡಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಜೀವಕೋಶ ನೋಡಲು ಬೇಕಾದ ತೆಳು ಪದರ ಕತ್ತರಿಸಿಕೊಟ್ಟದ್ದು ಆ ಚಾಕು.

ಇವೆಲ್ಲಕ್ಕಿಂತ ರೋಚಕವಾದದ್ದು ವಜ್ರದ ಅಡಿಗಲ್ಲುಗಳ ಕತೆ. 1958ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಆಲ್ವಿನ್ ವ್ಯಾನ್ ವಾಲ್ಕೆನ್‌ಬರ್ಗ್ ಮತ್ತು ಜೊತೆಗಾರರು ಎರಡು ವಜ್ರಗಳ ಚಪ್ಪಟೆ ತುದಿಗಳನ್ನು ಎದುರುಬದುರು ಇಟ್ಟು, ನಡುವೆ ಚಿಟಿಕೆ ಪುಡಿ ಹಾಕಿ ಒತ್ತಿದರು. ವಜ್ರ ಸಿಕ್ಕಿದ್ದು ಕಳ್ಳಸಾಗಣೆದಾರರಿಂದ ಸರ್ಕಾರ ವಶಪಡಿಸಿಕೊಂಡಿದ್ದ ರಾಶಿಯಿಂದ. ತುದಿಯ ಅಗಲ ಒಂದು ಮಿಲಿಮೀಟರಿನ ಸಣ್ಣ ಪಾಲು. ಬಲ ಸ್ವಲ್ಪವೇ ಇದ್ದರೂ ಅಷ್ಟು ಚಿಕ್ಕ ಜಾಗದ ಮೇಲೆ ಬಿದ್ದಾಗ ಒತ್ತಡ ಅಗಾಧವಾಗುತ್ತದೆ. ಕೈಯಲ್ಲಿ ಸ್ಕ್ರೂ ತಿರುಗಿಸಿದರೆ ಸಾಕು. ಇವತ್ತು ಈ ವಿಧಾನದಲ್ಲಿ ಭೂಮಿಯ ನಡುಬಿಂದುವಿನ ಒತ್ತಡವನ್ನೇ, ಅಂದರೆ ವಾತಾವರಣದ ಸುಮಾರು 35 ಲಕ್ಷ ಪಟ್ಟನ್ನು, ಒಂದು ಮೇಜಿನ ಮೇಲೆ ತರಬಹುದು. ವಜ್ರದ ಮೂಲಕ ಬೆಳಕೂ ಹಾಯುತ್ತದೆ, ಎಕ್ಸ್-ರೇಯೂ ಹಾಯುತ್ತದೆ. ಹಾಗಾಗಿ ಒತ್ತುತ್ತಿರುವಾಗಲೇ ಒಳಗೆ ಏನಾಗುತ್ತಿದೆ ಎಂದು ನೋಡಬಹುದು. ಗಟ್ಟಿತನ ಮತ್ತು ಪಾರದರ್ಶಕತೆ ಹೀಗೆ ಒಟ್ಟಿಗೆ ಸಿಗುವುದು ಬಹಳ ಅಪರೂಪ.

ಈಗ ಶಾಖದ ವಿಷಯಕ್ಕೆ ಬರೋಣ. ವಜ್ರದ ನಿಜವಾದ ಭವಿಷ್ಯ ಇಲ್ಲಿದೆ ಎಂದು ನನಗನ್ನಿಸುತ್ತದೆ. ಲೋಹದಲ್ಲಿ ಶಾಖ ಸಾಗಿಸುವುದು ಮುಖ್ಯವಾಗಿ ಓಡಾಡುವ ಎಲೆಕ್ಟ್ರಾನ್‌ಗಳು. ವಜ್ರದಲ್ಲಿ ಅಂಥ ಎಲೆಕ್ಟ್ರಾನ್ ಇಲ್ಲ, ಕರೆಂಟ್ ಹರಿಯುವುದಿಲ್ಲ. ಆದರೂ ಶಾಖ ತಾಮ್ರಕ್ಕಿಂತ ಐದು ಪಟ್ಟು ಚೆನ್ನಾಗಿ ಹರಿಯುತ್ತದೆ. ಶಾಖ ಸಾಗಿಸುವ ಶಕ್ತಿಯನ್ನು ಅಳೆದರೆ (ಮೀಟರ್-ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂದು) ತಾಮ್ರದ ಅಂಕಿ 400, ಒಳ್ಳೆಯ ವಜ್ರದ್ದು 2,000 ದಾಟುತ್ತದೆ. ಶಾಖ ಇಲ್ಲಿ ಪರಮಾಣುಗಳ ನಡುಕವಾಗಿ ಸಾಗುತ್ತದೆ. ಬಿಗಿಯಾಗಿ ಕಟ್ಟಿದ ಹಗ್ಗದ ಒಂದು ತುದಿ ತಟ್ಟಿದರೆ ಇನ್ನೊಂದು ತುದಿಗೆ ತಕ್ಷಣ ಗೊತ್ತಾಗುತ್ತದೆ, ಸಡಿಲ ಹಗ್ಗದಲ್ಲಿ ಗೊತ್ತಾಗುವುದಿಲ್ಲ, ಅಲ್ವಾ? ಇಂಗಾಲದ ಪರಮಾಣು ಹಗುರ, ಬಂಧ ಬಿಗಿ. ಹಾಗಾಗಿ ನಡುಕ ದೂರದವರೆಗೆ ಚದುರದೆ ಓಡುತ್ತದೆ.

ಆದರೆ ದಾರಿಯಲ್ಲಿ ಬೇರೆ ಪರಮಾಣು ಸಿಕ್ಕರೆ ನಡುಕ ಚದುರುತ್ತದೆ. ನೈಸರ್ಗಿಕ ವಜ್ರಗಳಲ್ಲಿ ಬಹುಪಾಲು ಟೈಪ್ 1, ಅಂದರೆ ಒಳಗೆ ಸಾರಜನಕ ಸೇರಿಕೊಂಡವು. ಅವು ತಾಮ್ರಕ್ಕಿಂತ ವಾಸಿ ನಿಜ, ಆದರೆ ಶುದ್ಧ ವಜ್ರದ ಅರ್ಧಕ್ಕೂ ಕೆಳಗೆ ಇಳಿದುಬಿಡಬಹುದು. ಸಾರಜನಕ ಇಲ್ಲವೇ ಇಲ್ಲ ಎನ್ನುವಷ್ಟು ಕಮ್ಮಿ ಇರುವ ಟೈಪ್ 2ಎ ಸಿಗುವುದು ನೂರಕ್ಕೆ ಒಂದೆರಡು. ಮೈಕ್ರೋವೇವ್ ಡಯೋಡ್‌ಗಳ ಬಿಸಿ ಇಳಿಸಲು ಮೊದಮೊದಲು ಬಳಸಿದ್ದು ಹೀಗೆ ಆರಿಸಿ ತೆಗೆದ ನೈಸರ್ಗಿಕ 2ಎ ತುಂಡುಗಳನ್ನೇ. ಇನ್ನೊಂದು ಸೂಕ್ಷ್ಮವೂ ಇದೆ. ಪ್ರಕೃತಿಯ ಇಂಗಾಲದಲ್ಲಿ ಸುಮಾರು ಶೇ 1.1ರಷ್ಟು ಸ್ವಲ್ಪ ಭಾರದ ಇಂಗಾಲ-13 ಇರುತ್ತದೆ. ಅಷ್ಟೂ ನಡುಕಕ್ಕೆ ಅಡ್ಡಿ. 1990ರಲ್ಲಿ ಜನರಲ್ ಎಲೆಕ್ಟ್ರಿಕ್‌ನವರು ಅದನ್ನೂ ತೆಗೆದು, ಹೆಚ್ಚೂಕಡಿಮೆ ಪೂರ್ತಿ ಇಂಗಾಲ-12ರಲ್ಲೇ ವಜ್ರ ಬೆಳೆಸಿದಾಗ ಶಾಖ ಸಾಗಿಸುವ ಶಕ್ತಿ ಸುಮಾರು ಒಂದೂವರೆ ಪಟ್ಟಾಯಿತು. ಇಂಥದ್ದು ಯಾವ ಗಣಿಯಲ್ಲೂ ಸಿಗುವುದಿಲ್ಲ. ಎಷ್ಟು ಲಕ್ಷ ಟನ್ ಅಗೆದರೂ ಸಿಗುವುದಿಲ್ಲ.

ದೊಡ್ಡ, ತಿಳಿಯಾದ ನೈಸರ್ಗಿಕ ಹರಳುಗಳೇ ಹೇರಳವಾಗಿದ್ದಿದ್ದರೆ? ಆಗ ಪ್ರತಿ ಪ್ರೊಸೆಸರ್ ಕೆಳಗೂ, ಪ್ರತಿ ಲೇಸರ್ ಕೆಳಗೂ ಒಂದು ವಜ್ರದ ಚಪ್ಪಡಿ ಇಡುತ್ತಿದ್ದರು ಎಂದು ಧೈರ್ಯವಾಗಿ ಹೇಳಬಹುದು. ಕಿಟಕಿಗಳಿಗೂ ಅದೇ ಮಾತು. ಅದರ ರುಚಿ ಒಮ್ಮೆ ಸಿಕ್ಕಿದೆ. 1978ರ ಡಿಸೆಂಬರ್‌ನಲ್ಲಿ ಪಯನೀರ್ ವೀನಸ್ ಯಾನದ ದೊಡ್ಡ ಶೋಧಕ ಶುಕ್ರನ ವಾತಾವರಣಕ್ಕೆ ಇಳಿಯಿತು. ಅದರ ಅತಿಗೆಂಪು ಉಪಕರಣಕ್ಕೆ ಒಂದು ಕಿಟಕಿ ಬೇಕಿತ್ತು. ಹೊರಗೆ ಸಲ್ಫ್ಯೂರಿಕ್ ಆಮ್ಲದ ಮೋಡ. ನೆಲದ ಹತ್ತಿರ 460 ಡಿಗ್ರಿ ಬಿಸಿ, ಭೂಮಿಯ 90 ಪಟ್ಟು ಒತ್ತಡ. ಇದನ್ನೆಲ್ಲ ತಡೆದು, ಅತಿಗೆಂಪು ಕಿರಣವನ್ನೂ ಒಳಗೆ ಬಿಡುವ ವಸ್ತು ಆಗ ವಜ್ರ ಬಿಟ್ಟರೆ ಇರಲಿಲ್ಲ. 13.5 ಕ್ಯಾರೆಟಿನ ನೈಸರ್ಗಿಕ ವಜ್ರದ ಬಿಲ್ಲೆ ಕೂರಿಸಿದರು. ಅದರ ಅಗಲ ಎರಡು ಸೆಂಟಿಮೀಟರ್ ಕೂಡ ಇರಲಿಲ್ಲ.

ಅದಕ್ಕಿಂತ ದೊಡ್ಡದು ಬೇಕೆಂದರೆ ಗಣಿ ಕೈಚೆಲ್ಲುತ್ತದೆ. 1905ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕ ಕಲಿನನ್ ವಜ್ರದ ತೂಕ 3,106 ಕ್ಯಾರೆಟ್, ಅಂದರೆ 621 ಗ್ರಾಂ. ಅಂಥದ್ದನ್ನು ನಂಬಿ ಯಾವ ಉದ್ಯಮವೂ ನಡೆಯಲ್ಲ. ಇಲ್ಲಿ ಕೈಹಿಡಿದದ್ದು ಸಿವಿಡಿ ವಿಧಾನ. ಕಮ್ಮಿ ಒತ್ತಡದ ಕೋಣೆಯಲ್ಲಿ ಮೀಥೇನ್ ಮತ್ತು ಹೈಡ್ರೋಜನ್ ಅನಿಲ ಬಿಟ್ಟು, ಮೈಕ್ರೋವೇವ್‌ನಿಂದ ಪ್ಲಾಸ್ಮಾ ಮಾಡಿದರೆ ಇಂಗಾಲ ಪದರ ಪದರವಾಗಿ ಇಳಿದು ವಜ್ರವಾಗುತ್ತದೆ. ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ಐಟಿಇಆರ್ ಸಮ್ಮಿಳನ ಯಂತ್ರಕ್ಕೆ ಒಂದೊಂದೂ 1 ಮೆಗಾವ್ಯಾಟ್ ಮೈಕ್ರೋವೇವ್ ಕಳಿಸುವ ಕೊಳವೆಗಳಿವೆ. ಅವುಗಳ ಬಾಯಿಗೆ ಇಂಥ ವಜ್ರದ ಬಿಲ್ಲೆಗಳೇ ಕಿಟಕಿ. ಬೇರೆ ಏನೇ ಹಾಕಿದರೂ ಅಷ್ಟು ಶಕ್ತಿ ಹಾಯುವಾಗ ಬಿಸಿಯಾಗಿ ಒಡೆಯುವ ಅಪಾಯ ಜಾಸ್ತಿ.

ವಿಕಿರಣ ಅಳೆಯುವುದಕ್ಕೂ ವಜ್ರ ಒಳ್ಳೆಯದು. ಇಂಗಾಲದ ಪರಮಾಣು ಸಂಖ್ಯೆ 6, ನಮ್ಮ ದೇಹದ ಅಂಗಾಂಶದ ಸರಾಸರಿಗೆ ಹತ್ತಿರ. ಹಾಗಾಗಿ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಎಷ್ಟು ವಿಕಿರಣ ಬಿತ್ತು ಎಂದು ತಿಳಿಯಲು ವಜ್ರದ ಪುಟ್ಟ ಅಳತೆಗಾರ ದೇಹದ ಥರವೇ ಪ್ರತಿಕ್ರಿಯಿಸುತ್ತದೆ. ಮೊದಲು ಆರಿಸಿದ ನೈಸರ್ಗಿಕ ಹರಳು ಬಳಸುತ್ತಿದ್ದರು. ಒಂದು ಹರಳಿನ ಹಾಗೆ ಇನ್ನೊಂದಿಲ್ಲದ ಕಾರಣ ಇಲ್ಲೂ ಸಿವಿಡಿ ಬಂತು. ಸರ್ನ್‌ನ ದೊಡ್ಡ ಕಣ ವೇಗವರ್ಧಕದಲ್ಲಿ ಕಿರಣ ದಾರಿ ತಪ್ಪಿತಾ ಎಂದು ಕಾಯುವ ಸಂವೇದಕಗಳಲ್ಲೂ ವಜ್ರವಿದೆ.

ಹಾಗಾದರೆ ವಜ್ರದ ಚಿಪ್? ಆಸೆ ಹುಟ್ಟಿಸುವ ಗುಣಗಳೆಲ್ಲ ಇವೆ. ಸಿಲಿಕಾನ್‌ಗಿಂತ ತುಂಬಾ ಹೆಚ್ಚಿನ ವೋಲ್ಟೇಜ್ ತಡೆಯುತ್ತದೆ, ಬಿಸಿಯಲ್ಲೂ ಕೆಲಸ ಮಾಡುತ್ತದೆ. ತೊಂದರೆ ಎರಡು. ಅರೆವಾಹಕ ಮಾಡಲು ಬೇಕೆಂದೇ ಬೇರೆ ಪರಮಾಣು ಸೇರಿಸಬೇಕು. ಬೋರಾನ್ ಸೇರಿಸಿದರೆ ಒಂದು ಬಗೆಯ ವಾಹಕತೆ ಸಿಗುತ್ತದೆ. ಪ್ರಕೃತಿಯಲ್ಲೂ ಬೋರಾನ್ ಸೇರಿದ ನೀಲಿ ವಜ್ರಗಳಿವೆ, ಬಹಳ ಅಪರೂಪ. ಇನ್ನೊಂದು ಬಗೆಗೆ ಬೇಕಾದ ರಂಜಕ ವಜ್ರದ ಬಿಗಿ ಜಾಲರಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಕೂತರೂ ಕೋಣೆಯ ಬಿಸಿಯಲ್ಲಿ ಎಲೆಕ್ಟ್ರಾನ್ ಬಿಡುವುದು ತೀರ ಕಮ್ಮಿ. ಎರಡನೆಯದು ಗಾತ್ರ. ಸಿಲಿಕಾನ್ ಬಿಲ್ಲೆ 300 ಮಿಲಿಮೀಟರ್ ಅಗಲ ಬರುತ್ತದೆ, ಒಂದೇ ಹರಳಾಗಿ. ವಜ್ರ ಅದರ ಹತ್ತಿರಕ್ಕೂ ಬಂದಿಲ್ಲ.

ಕೊನೆಯದಾಗಿ ಸಾರಜನಕದ ಇನ್ನೊಂದು ಮುಖ ನೋಡಬೇಕು. ಶಾಖಕ್ಕೆ ಅಡ್ಡಿಯಾದ ಅದೇ ಸಾರಜನಕ, ಒಂದು ಖಾಲಿ ಜಾಗದ ಪಕ್ಕ ಕೂತರೆ ಬೇರೆಯೇ ಕೆಲಸಕ್ಕೆ ಬರುತ್ತದೆ. ಇದನ್ನು ಎನ್‌ವಿ ಕೇಂದ್ರ ಅನ್ನುತ್ತಾರೆ. ಹಸಿರು ಲೇಸರ್ ಬಿಟ್ಟರೆ ಅದು ಕೆಂಪಾಗಿ ಹೊಳೆಯುತ್ತದೆ. ಅಲ್ಲಿನ ಎಲೆಕ್ಟ್ರಾನ್‌ನ ಸ್ಪಿನ್, ಅಂದರೆ ಅದನ್ನು ಪುಟ್ಟ ಕಾಂತದಂತೆ ಮಾಡುವ ಗುಣ, ಯಾವ ಸ್ಥಿತಿಯಲ್ಲಿದೆ ಎಂಬುದರ ಮೇಲೆ ಹೊಳಪು ಏರಿಳಿಯುತ್ತದೆ. 2.87 ಗಿಗಾಹರ್ಟ್ಸ್ ಹತ್ತಿರದ ಮೈಕ್ರೋವೇವ್ ಕೊಟ್ಟು ಆ ಸ್ಪಿನ್ ಅನ್ನು ತಿರುಗಿಸಬಹುದು. ಪಕ್ಕದಲ್ಲಿ ಅತಿ ಸಣ್ಣ ಕಾಂತಕ್ಷೇತ್ರ ಇದ್ದರೂ ಆ ಆವರ್ತನ ಸರಿಯುತ್ತದೆ. ಅಂದರೆ ಹೊಳಪು ನೋಡಿ ಕಾಂತಕ್ಷೇತ್ರ ಅಳೆಯಬಹುದು, ಅದೂ ಸಾಮಾನ್ಯ ಕೋಣೆಯ ಬಿಸಿಯಲ್ಲೇ. 2015ರಲ್ಲಿ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ ರೊನಾಲ್ಡ್ ಹ್ಯಾನ್ಸನ್ ತಂಡ 1.3 ಕಿಲೋಮೀಟರ್ ದೂರದ ಎರಡು ವಜ್ರಗಳ ಸ್ಪಿನ್‌ಗಳನ್ನು ಕ್ವಾಂಟಮ್ ರೀತಿಯಲ್ಲಿ ಬೆಸೆದು, ಬೆಲ್ ಪರೀಕ್ಷೆಯನ್ನು (ದೂರದ ಕಣಗಳ ನಡುವಿನ ಕ್ವಾಂಟಮ್ ನಂಟು ನಿಜವೇ ಎಂದು ನೋಡುವ ಪರೀಕ್ಷೆ) ಹಳೆಯ ಲೋಪಗಳಿಲ್ಲದೆ ಮಾಡಿ ತೋರಿಸಿತು. ಆ ಪ್ರಯೋಗದಲ್ಲಿ ವಜ್ರಗಳನ್ನು ತುಂಬ ತಣ್ಣಗೆ ಇಡಬೇಕಾಯಿತು. 2016ರಲ್ಲಿ ಇನ್ನೊಂದು ತಂಡ ಸಮುದ್ರದ ಹುಳುವಿನ ನರದಲ್ಲಿ ಸಂಕೇತ ಓಡುವಾಗ ಹುಟ್ಟುವ ಕಾಂತಕ್ಷೇತ್ರವನ್ನು ಇಂಥ ವಜ್ರದಿಂದ ಹಿಡಿಯಿತು. ಹುಳು ಬದುಕಿಯೇ ಇತ್ತು.

ಇಂಥ ಕೆಲಸಕ್ಕೆ ಸಾರಜನಕ ಸುಮ್ನೆ ಎಲ್ಲೋ ಇದ್ದರೆ ಆಗದು. ಸುತ್ತ ಇಂಗಾಲ-12 ಮಾತ್ರ ಇರಬೇಕು, ಯಾಕೆಂದರೆ ಇಂಗಾಲ-13ರ ನ್ಯೂಕ್ಲಿಯಸ್ ತಾನೇ ಒಂದು ಪುಟ್ಟ ಕಾಂತ, ಅಳತೆ ಕೆಡಿಸುತ್ತದೆ. ಸಾರಜನಕವೂ ಲೆಕ್ಕ ಹಾಕಿದಷ್ಟೇ ಇರಬೇಕು, ಮೇಲ್ಮೈಯಿಂದ ಇಷ್ಟೇ ನ್ಯಾನೋಮೀಟರ್ ಕೆಳಗೆ ಎಂದು ಗೊತ್ತಿರಬೇಕು. ಅದಕ್ಕೆ ಈ ವಜ್ರಗಳನ್ನು ಪ್ರಯೋಗಾಲಯದಲ್ಲಿ ಪದರದ ಮೇಲೆ ಪದರ ಬೆಳೆಸಿ, ಬೇಕಾದ ಪದರ ಬಂದಾಗ ಸಾರಜನಕದ ಅನಿಲ ಬಿಟ್ಟು, ಮತ್ತೆ ಮುಚ್ಚುತ್ತಾರೆ.